ಕುದುರೆಯನ್ನು ಅಲ್ಲೇ ಬಿಟ್ಟು ಬನ್ನಿ

ಐಸ್‌ಲ್ಯಾಂಡ್ ತಳಿಯ ಕುದುರೆಗಳಿಗೆಂದೇ ಒಂದು ವಿಶ್ವ ಚಾಂಪಿಯನ್‌ಷಿಪ್ ಇದೆ. ಎರಡು ವರ್ಷಕ್ಕೊಮ್ಮೆ ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತದೆ. 2019ರಲ್ಲಿ ಬರ್ಲಿನ್, 2023ರಲ್ಲಿ ನೆದರ್ಲೆಂಡ್ಸ್, 2025ರಲ್ಲಿ ಸ್ವಿಟ್ಜರ್ಲೆಂಡ್. ಐಸ್‌ಲ್ಯಾಂಡಿನ ಸವಾರರು ವರ್ಷಗಟ್ಟಲೆ ತಾವೇ ಪಳಗಿಸಿದ ಕುದುರೆಗಳನ್ನು ವಿಮಾನ ಹತ್ತಿಸಿಕೊಂಡು ಹೋಗುತ್ತಾರೆ, ಗೆಲ್ಲುತ್ತಾರೆ, ಪದಕದೊಂದಿಗೆ ಊರಿಗೆ ಮರಳುತ್ತಾರೆ. ಕುದುರೆ ಮಾತ್ರ ಮರಳುವುದಿಲ್ಲ. ಒಮ್ಮೆ ದ್ವೀಪ ಬಿಟ್ಟ ಕುದುರೆ, ಅದು ಅಲ್ಲೇ ಹುಟ್ಟಿದ್ದಾದರೂ, ದೇಶಕ್ಕೇ ಚಿನ್ನ ತಂದುಕೊಟ್ಟಿದ್ದಾದರೂ, ತಿರುಗಿ ಆ ನೆಲ ಮೆಟ್ಟುವಂತಿಲ್ಲ. ಹೊರಡುವಾಗಲೇ ಸವಾರನಿಗೂ ಅದು ಗೊತ್ತು. ಗೆಲ್ಲಬಲ್ಲ ಕುದುರೆಯನ್ನು ಕರೆದೊಯ್ಯುವುದೆಂದರೆ ಅದನ್ನು ಕಳೆದುಕೊಳ್ಳಲು ಒಪ್ಪಿದಂತೆ.

ಸ್ವಂತ ಚಾಂಪಿಯನ್‌ನನ್ನೇ ಒಳಗೆ ಬಿಟ್ಟುಕೊಳ್ಳದ ದೇಶ ಹೊರಗಿನಿಂದ ಮನೆ ಬದಲಿಸಿ ಬರುವವರ ಕುದುರೆಯನ್ನು ಬಿಟ್ಟುಕೊಂಡೀತೇ? ಬಿಟ್ಟುಕೊಳ್ಳುವುದಿಲ್ಲ. ನಗರದ ಗದ್ದಲ ಸಾಕಾಗಿ, ಬಡಗಣ ತುದಿಯ ಒಂದು ಹಳ್ಳಿಯಲ್ಲಿ ಮನೆ ನೋಡಿ, ಗಂಟುಮೂಟೆ ಕಟ್ಟಿದ ಮೇಲೆ ಈ ಸಂಗತಿ ತಿಳಿದವರಿಗೆ ಅದು ಅನ್ಯಾಯವೆಂದೇ ತೋರುತ್ತದೆ. ನಾಯಿಗೆ, ಬೆಕ್ಕಿಗೆ ಪರವಾನಗಿ ಇದೆ, ಕ್ವಾರಂಟೈನ್ ಇದೆ, ದಾರಿ ಇದೆ. ಕುದುರೆಗೆ ಯಾಕಿಲ್ಲ? ರಕ್ತ ಪರೀಕ್ಷೆ ಮಾಡಿ, ತಿಂಗಳುಗಟ್ಟಲೆ ಬೇರೆ ಇಡಿ, ಖರ್ಚು ನಮ್ಮದೇ. ಕುದುರೆ ನಮಗೆ ಮನೆಯ ಮಗುವಿನಂತೆ, ಮಗುವನ್ನು ಬಿಟ್ಟು ಬಾ ಎನ್ನುವ ಕಾನೂನು ಎಂಥದ್ದು? ಹೀಗೆ ಸಾಗುತ್ತದೆ ದೂರು. ಈ ದೂರಿನಲ್ಲಿ ಸಂಕಟ ನಿಜವಾದದ್ದು. ಆದರೆ ವಾದ ಪೊಳ್ಳು, ಮತ್ತು ಅದು ಪೊಳ್ಳೆಂಬುದಕ್ಕೆ ಆ ದೇಶ ಬಹಳ ದೊಡ್ಡ ಬೆಲೆ ಕೊಟ್ಟು ಕಲಿತ ಪಾಠವೇ ಸಾಕ್ಷಿ.

ಪಾಠ ಕಲಿಸಿದ್ದು ಕುರಿಗಳು. 1933ರಲ್ಲಿ ತಳಿ ಸುಧಾರಣೆಗೆಂದು ಜರ್ಮನಿಯಿಂದ 20 ಕಾರಾಕುಲ್ ಕುರಿಗಳನ್ನು ಐಸ್‌ಲ್ಯಾಂಡಿಗೆ ತರಲಾಯಿತು. ಕದ್ದು ತಂದದ್ದಲ್ಲ. ಆರೋಗ್ಯವಾಗಿವೆ ಎಂಬ ಪತ್ರ ಇತ್ತು. ಕೆಲಕಾಲ ಬೇರೆ ಇಟ್ಟು ನೋಡಿದ್ದರು, ಯಾವುದರಲ್ಲೂ ರೋಗದ ಚಿಹ್ನೆ ಕಾಣಲಿಲ್ಲ. ಆಮೇಲೆ ಬೇರೆ ಬೇರೆ ಕಡೆಯ ರೈತರಿಗೆ ಹಂಚಿದರು. ಕೆಲವು ವರ್ಷ ಕಳೆದ ಮೇಲೆ ಊರಿನ ಕುರಿಗಳು ಏದುಸಿರು ಬಿಡತೊಡಗಿದವು, ಕಾಲು ಸೋತು ಸೊರಗತೊಡಗಿದವು. ರೋಗ ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಕೂರಬಲ್ಲದು ಎಂಬ ಕಲ್ಪನೆಯೇ ಆಗ ಇರಲಿಲ್ಲ. ಆ ಕಲ್ಪನೆಯನ್ನು 1954ರಲ್ಲಿ ಜಗತ್ತಿಗೆ ಕೊಟ್ಟವರು ಇದೇ ಕುರಿಗಳನ್ನು ಅಧ್ಯಯನ ಮಾಡಿದ ಐಸ್‌ಲ್ಯಾಂಡಿನ ವಿಜ್ಞಾನಿ ಬ್ಯೋರ್ನ್ ಸಿಗುರ್ಡ್‌ಸನ್. ಅಷ್ಟರಲ್ಲಿ ಲಕ್ಷಗಟ್ಟಲೆ ಕುರಿಗಳು ರೋಗದಿಂದಲೋ ರೋಗ ತಡೆಯಲು ನಡೆದ ಕಟಾವಿನಿಂದಲೋ ಸತ್ತಿದ್ದವು. ರೋಗ ಸಂಪೂರ್ಣವಾಗಿ ತೊಲಗಿದ್ದು 1965ರ ಹೊತ್ತಿಗೆ. ಇಪ್ಪತ್ತು ಕುರಿ ತಂದ ಅನಾಹುತ ತೊಳೆಯಲು ಮೂವತ್ತು ವರ್ಷ ಬೇಕಾಯಿತು.

ಆ ರೋಗಕ್ಕೆ ಇಂದಿಗೂ ಜಗತ್ತಿನ ಪಶುವೈದ್ಯ ಪುಸ್ತಕಗಳಲ್ಲಿರುವ ಹೆಸರು ‘ಮೈಡಿ-ವಿಸ್ನಾ’. ಎರಡೂ ಐಸ್‌ಲ್ಯಾಂಡಿಕ್ ಪದಗಳು: ಮೊದಲನೆಯದರ ಅರ್ಥ ಏದುಸಿರು, ಎರಡನೆಯದರದು ಬಾಡುವುದು, ಸೊರಗುವುದು. ರೈತರ ಬಾಯಲ್ಲಿದ್ದ ಮಾತೇ ಶಾಸ್ತ್ರದ ಪರಿಭಾಷೆಯಾಯಿತು. ಚಿಕ್ಕ ಭಾಷೆಯ ಪದಗಳು ಜಗತ್ತಿನ ನಿಘಂಟಿಗೆ ಹೀಗೂ ಹೋಗುತ್ತವೆ, ಯಾರೂ ಹೆಮ್ಮೆಪಡಲಾಗದ ದಾರಿಯಲ್ಲಿ. ‘ಪರೀಕ್ಷೆ ಮಾಡಿ, ಬೇರೆ ಇಡಿ, ಆಮೇಲೆ ಬಿಡಿ’ ಎನ್ನುವವರು ಆ ಎರಡು ಪದಗಳನ್ನು ಒಮ್ಮೆ ಉಚ್ಚರಿಸಿ ನೋಡಬೇಕು. 1933ರಲ್ಲಿ ಮಾಡಿದ್ದೂ ಅದನ್ನೇ. ಇಂದಿನ ಪರೀಕ್ಷೆಗಳು ಎಷ್ಟೋ ಮೇಲು, ನಿಜ. ಆದರೆ ಪರೀಕ್ಷೆ ಹಿಡಿಯುವುದು ಗೊತ್ತಿರುವ ರೋಗವನ್ನು ಮಾತ್ರ.

ಕುದುರೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಸಾವಿರ ವರ್ಷಗಳ ಹಿಂದೆ ನಾರ್ಸ್ ವಲಸಿಗರ ದೋಣಿಗಳಲ್ಲಿ ಬಂದ ಕುದುರೆಗಳ ಸಂತತಿಯೇ ಇಂದಿಗೂ ಅಲ್ಲಿರುವುದು. ಹೊರಗಿನಿಂದ ಕುದುರೆ ತರಬಾರದೆಂದು 982ರಲ್ಲೇ ಕಾನೂನಾಗಿತ್ತು ಎಂದು ಪ್ರವಾಸಿ ಕರಪತ್ರಗಳು ಹೇಳುತ್ತವೆ. ಆ ಕಥೆಯನ್ನು ಬದಿಗಿಟ್ಟರೂ 1882ರ ಕಾನೂನು ಸಾಕು. ಉಳಿದ ಜಗತ್ತಿನ ಲಾಯಗಳಲ್ಲಿ ನೆಗಡಿಯಷ್ಟು ಸಾಮಾನ್ಯವಾದ ಕುದುರೆ ಫ್ಲೂ ಅಲ್ಲಿಲ್ಲ, ಗಂಟಲು ಬಾತು ಕೀವಾಗುವ ‘ಸ್ಟ್ರ್ಯಾಂಗಲ್ಸ್’ ಕೂಡ ಇಲ್ಲ. ಆದ್ದರಿಂದ ಅವುಗಳ ವಿರುದ್ಧ ಮೈಯಲ್ಲಿ ಶಕ್ತಿಯೂ ಇಲ್ಲ. ಎಷ್ಟೋ ಊರುಗಳ ಕುದುರೆಗಳು ಬೇಸಿಗೆಯಲ್ಲಿ ಬೇಲಿಯಿಲ್ಲದ ಬೆಟ್ಟದ ಗೋಮಾಳದಲ್ಲಿ ಒಟ್ಟಿಗೇ ಮೇಯುತ್ತವೆ. ಒಬ್ಬರ ಕುದುರೆ ಕೆಮ್ಮಿದರೆ ಊರೆಲ್ಲ ಕೆಮ್ಮಿದಂತೆ.

ಇದು ಉತ್ಪ್ರೇಕ್ಷೆ ಎನ್ನುವವರಿಗೆ 2010 ಇದೆ. ಆ ವರ್ಷ ಒಂದು ಬ್ಯಾಕ್ಟೀರಿಯಾ ದ್ವೀಪದೊಳಗೆ ನುಸುಳಿ ಸುಮಾರು 77 ಸಾವಿರ ಕುದುರೆಗಳಿದ್ದ ನಾಡನ್ನು ಕೆಲವೇ ತಿಂಗಳಲ್ಲಿ ಸುತ್ತಿತು. ಹೆಚ್ಚುಕಡಿಮೆ ಎಲ್ಲ ಕುದುರೆಗಳಿಗೂ ಕೆಮ್ಮು. ಬಹುಪಾಲು ಬದುಕಿಕೊಂಡವು, ಆದರೆ ರಫ್ತು ನಿಂತಿತು, ತರಬೇತಿ ನಿಂತಿತು. ರಾಷ್ಟ್ರೀಯ ಕುದುರೆ ಉತ್ಸವ ‘ಲಾಂಡ್ಸ್‌ಮೋಟ್’ ಒಂದು ವರ್ಷ ಮುಂದಕ್ಕೆ ಹೋಯಿತು. ಹರಡುವಿಕೆಯ ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಒಂದು ತರಬೇತಿ ಕೇಂದ್ರ. ಅಲ್ಲಿ ಕುದುರೆಗಳು ಒಂದೇ ನೀರಿನಲ್ಲಿ ಸರದಿಯಂತೆ ನಡೆಯುವ ಟ್ರೆಡ್‌ಮಿಲ್ ಇತ್ತು. ಗಮನಿಸಬೇಕಾದ್ದು ಇದು: ಇಷ್ಟೆಲ್ಲ ಆದದ್ದು ಹೊರಗಿನ ಒಂದು ಕುದುರೆಯೂ ಒಳಬರದೆ. ಬಳಸಿದ ಜೀನು, ಲಗಾಮುಗಳನ್ನು ಒಳತರಬಾರದು, ಸವಾರಿ ಬಟ್ಟೆ, ಬೂಟುಗಳನ್ನು ತೊಳೆದು ಸೋಂಕು ತೆಗೆದೇ ತರಬೇಕು ಎಂಬ ನಿಯಮವನ್ನು ಅಧಿಕಾರಿಗಳ ಮಡಿ ಎಂದು ನಗುವವರಿದ್ದಾರೆ. ನಗಲಿ. ಬೆವರಂಟಿದ ಒಂದು ಚರ್ಮದ ಪಟ್ಟಿಗೇ ಹೆದರಬೇಕಾದ ಕಡೆ ಇಡೀ ಕುದುರೆಯನ್ನು ತರುವ ಮಾತೆತ್ತುವುದು ಹೇಗೆ?

ಕರ್ನಾಟಕದ ಹಳ್ಳಿಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆ ನಿಂತವು, ಸಾಗಣೆ ನಿಂತಿತು. ತನ್ನ ಜೋಡೆತ್ತು ಗಟ್ಟಿಮುಟ್ಟಾಗಿದ್ದ ರೈತನೂ ಕೊಟ್ಟಿಗೆಯಲ್ಲೇ ಕಟ್ಟಿ ಕೂರಬೇಕಾಯಿತು. ಆತ ಎತ್ತನ್ನು ಪ್ರೀತಿಸುವುದಿಲ್ಲ ಎಂದು ಯಾರಾದರೂ ಹೇಳಿಯಾರೇ? ಭಾರತದ ಸವಾರರೂ ಇಂಥ ಗೋಡೆಯ ಇನ್ನೊಂದು ಬದಿಯಲ್ಲಿ ನಿಂತವರು. 1960ರ ಸುಮಾರಿಗೆ ಆಫ್ರಿಕನ್ ಕುದುರೆ ಬೇನೆ ಪಶ್ಚಿಮ ಏಷ್ಯಾ ದಾಟಿ ಇಲ್ಲಿಗೂ ಬಂದು ಕುದುರೆಗಳನ್ನು ಕೊಂದಿತ್ತು. ಇಲ್ಲಿಂದ ಯುರೋಪಿಗೆ ಕುದುರೆ ಒಯ್ಯುವುದು ಇಂದಿಗೂ ಸುಲಭವಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ಗೆ ತಯಾರಾದದ್ದು ಜರ್ಮನಿಯಲ್ಲಿ, ಅಲ್ಲಿಯ ಕುದುರೆಯ ಮೇಲೆ. ಆಟಕ್ಕಾಗಿ ಮನುಷ್ಯರು ಕುದುರೆಯಿದ್ದಲ್ಲಿಗೆ ಹೋದರು.

ಹಾಗಂತ ಐಸ್‌ಲ್ಯಾಂಡನ್ನು ಕುದುರೆಗಳ ಸ್ವರ್ಗವೆಂದು ಕೊಂಡಾಡಬೇಕಿಲ್ಲ. ಅಲ್ಲಿ ಕುದುರೆ ಮಾಂಸ ತಿನ್ನುತ್ತಾರೆ. ಅದು ಅವರ ಊಟ, ಇರಲಿ. ಗಬ್ಬದ ಹೆಣ್ಣು ಕುದುರೆಗಳ ರಕ್ತ ಬಸಿದು, ಹಂದಿ ಸಾಕಣೆಗೆ ಬೇಕಾದ ಹಾರ್ಮೋನು ತೆಗೆಯುವ ಉದ್ಯಮ ಮಾತ್ರ ಹಾಗೆ ಬಿಟ್ಟುಬಿಡುವ ವಿಷಯವಲ್ಲ. 2021ರಲ್ಲಿ ಅದರ ವಿಡಿಯೊಗಳು ಹೊರಬಿದ್ದಾಗ ಅಲ್ಲಿಯವರೇ ತಲೆತಗ್ಗಿಸಿದರು. ಬಾಗಿಲು ಒಳಮುಖವಾಗಿ ಮುಚ್ಚಿದೆ, ಹೊರಮುಖವಾಗಿ ತೆರೆದೇ ಇದೆ ಎಂಬುದೂ ಆಕ್ಷೇಪಕ್ಕೆ ಯೋಗ್ಯ. ಮಾರಾಟವಾಗಿ ಜರ್ಮನಿ, ಸ್ವೀಡನ್ನುಗಳಿಗೆ ಹೋದ ಎಷ್ಟೋ ಕುದುರೆಗಳು, ಹುಟ್ಟೂರಿನಲ್ಲಿ ಕಾಣದ ಕೀಟಗಳ ಕಡಿತಕ್ಕೆ ಮೈ ತುರಿಸಿಕೊಂಡು ಗಾಯ ಮಾಡಿಕೊಳ್ಳುತ್ತವೆ. ಅವು ಮರಳಿ ಬರಲಾರವು. ಈ ಕಾನೂನು ಕಾಯುವುದು ಮಂದೆಯನ್ನು, ಒಂದೊಂದು ಕುದುರೆಯ ಸುಖವನ್ನಲ್ಲ. ಕುದುರೆ ತರಲಾಗದವರು ದೂರಬೇಕಾದದ್ದು ಈ ರಕ್ತದ ವ್ಯಾಪಾರವನ್ನು, ಈ ರಫ್ತನ್ನು. ಅವರು ದೂರುವುದು ಅಲ್ಲಿರುವ ಒಂದೇ ಒಂದು ಸರಿಯಾದ ನಿಯಮವನ್ನು.

ಇನ್ನು ‘ಮನೆಯ ಮಗು’ ಎಂಬ ಮಾತು. ಹದಿನೈದು ವರ್ಷದ ಕುದುರೆಯನ್ನು ಪೆಟ್ಟಿಗೆಗೆ ತುಂಬಿ, ಹಗಲು ನಾಲ್ಕೈದು ಗಂಟೆಗಿಳಿಯುವ ಚಳಿಗಾಲಕ್ಕೆ, ಅಡ್ಡಡ್ಡ ಹೊಡೆಯುವ ಮಳೆಗಾಳಿಗೆ ಒಯ್ಯಬೇಕೆಂದು ಕುದುರೆಯೇನೂ ಕೇಳಿರಲಿಲ್ಲ. ಅಲ್ಲಿಯ ಕುದುರೆಗಳು ದಟ್ಟ ತುಪ್ಪಳ ಬೆಳೆಸಿ ಗಾಳಿಗೆ ಬೆನ್ನು ಕೊಟ್ಟು ಬಯಲಲ್ಲೇ ಚಳಿಗಾಲ ಕಳೆಯುತ್ತವೆ. ಬಿಸಿಲ ಸೀಮೆಯಲ್ಲಿ, ಗೊತ್ತಾದ ಹೊತ್ತಿಗೆ ಹುಲ್ಲು ಹಾಕಿಸಿಕೊಂಡು ಬೆಳೆದ ಕುದುರೆಗೆ ಅದು ಶಿಕ್ಷೆ. ಉತ್ತರದ ನೀರವತೆ ಬೇಕಾದದ್ದು ಯಜಮಾನನಿಗೆ. ಹಾಗಿರುವಾಗ ನಷ್ಟವನ್ನೂ ಯಜಮಾನನೇ ಹೊರುವುದು ನ್ಯಾಯ, ಎಂಬತ್ತು ಕಿಲೋಮೀಟರ್ ಆಚೆ ಗೋಮಾಳ ಹಂಚಿಕೊಂಡಿರುವ ರೈತನಲ್ಲ.

ಹಾಗಾದರೆ ಹೋಗುವವರು ಏನು ಮಾಡಬೇಕು? ಟಿಕೆಟ್ ಕೊಳ್ಳುವ ಮುಂಚೆ, ಕಡೆಯ ವಾರದಲ್ಲಲ್ಲ, ಕುದುರೆಗೆ ತಕ್ಕ ಕೈ ಹುಡುಕಬೇಕು. ಸಾಧ್ಯವಾದರೆ ಆ ಕೈ ಅದಕ್ಕೆ ಪರಿಚಿತವಾಗುವಷ್ಟು ದಿನ ಕಾಯಬೇಕು. ಅಂಥ ಕೈ ಸಿಗದಿದ್ದರೆ, ಕುದುರೆ ಇರುವಷ್ಟು ಕಾಲ ಹೊರಡಬಾರದು. ಅದೂ ಒಂದು ಉತ್ತರವೇ. ಜೀನನ್ನು ಕುದುರೆಯೊಂದಿಗೇ ಬಿಡಬೇಕು. ಅಲ್ಲಿಗೆ ಹೋದ ಮೇಲೆ ಮೊದಲ ವರ್ಷವೇ ಕುದುರೆ ಕೊಳ್ಳುವ ಅವಸರವೂ ಬೇಡ. ಸೆಪ್ಟೆಂಬರ್ ಕೊನೆಗೆ ಸ್ಕಾಗಾಫ್ಯೋರ್ಡೂರ್ ಪ್ರಾಂತ್ಯದ ಲೌಫ್‌ಸ್ಕಾಲಾರೆಟ್‌ನಲ್ಲಿ, ಬೆಟ್ಟದಿಂದ ಇಳಿಸಿ ತಂದ ನೂರಾರು ಕುದುರೆಗಳನ್ನು ದುಂಡಗಿನ ದೊಡ್ಡಿಗೆ ತುಂಬಿ, ಇದು ಯಾರದು, ಅದು ಯಾರದು ಎಂದು ಬೇರ್ಪಡಿಸುತ್ತಾರೆ. ಊರಿಗೆ ಊರೇ ಸೇರುತ್ತದೆ. ಹೊಸಬರು ಸುತ್ತಲ ಬೇಲಿಗೆ ಒರಗಿ ನಿಂತು ನೋಡಬಹುದು, ತೊಳೆದ ಬೂಟು ಹಾಕಿಕೊಂಡು.