ಕೂಸಿನ ಮೊದಲ ತುತ್ತು

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಗೊದಮೊಟ್ಟೆಯು ಕಪ್ಪೆಯಾಗುವ ಬಗೆಯನ್ನು ಬಲ್ಲರು. ಪಾಚಿಯನ್ನು ಕೆರೆದು ತಿಂದು ಬದುಕುವ ಗೊದಮೊಟ್ಟೆಗೆ ಸುರುಳಿಸುರುಳಿಯಾಗಿ ಸುತ್ತಿಕೊಂಡ ಉದ್ದವಾದ ಕರುಳಿರುತ್ತದೆ. ಕೀಟಗಳನ್ನು ಹಿಡಿದು ನುಂಗುವ ಕಪ್ಪೆಯಾಗುವ ವೇಳೆಗೆ ಆ ಕರುಳು ಮೊಟಕಾಗಿ, ಬಾಯಿ ಅಗಲವಾಗಿ, ಆಹಾರಕ್ರಮವೇ ಬದಲಾಗಿರುತ್ತದೆ. ಈ ರೂಪಾಂತರವನ್ನು ಚಿತ್ರಸಹಿತವಾಗಿ ವಿವರಿಸಿ ಅಂಕಗಳನ್ನು ಗಳಿಸುವ ನಮ್ಮ ವಿದ್ಯಾರ್ಥಿಗಳನ್ನು, ಮನುಷ್ಯನ ಕೂಸು ಹಾಲಿನಿಂದ ಅನ್ನಕ್ಕೆ ದಾಟುವುದು ಯಾವಾಗ, ಹೇಗೆ, ಏಕೆ ಎಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ಅದು ಅಜ್ಜಿಯರ ವಿಷಯ, ಅಡಿಗೆಯ ಮನೆಯ ವಿಷಯವೆಂದು ವಿದ್ಯಾವಂತರು ಕೈಬಿಟ್ಟಿದ್ದಾರೆ. ಹಾಗೆ ಕೈಬಿಟ್ಟುದು ಸರಿಯಲ್ಲವೆಂಬುದೇ ಈ ಲೇಖನದ ವಾದ. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಅವಧಿಯಲ್ಲಿ ಮಗುವಿನ ಬಾಯಿಗೆ ಏನು ಬೀಳುತ್ತದೆಂಬುದು ಅದರ ಮುಂದಿನ ಬೆಳವಣಿಗೆಯ ಬಹುಭಾಗವನ್ನು ನಿರ್ಣಯಿಸುತ್ತದೆ.

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಕೂಸಿಗೆ ಸಾಕು, ನೀರೂ ಬೇಡ ಎಂಬುದು ಇಂದು ವೈದ್ಯರ ಒಮ್ಮತದ ಅಭಿಪ್ರಾಯ. 2001ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಭೆಯು ಈ ಕಾಲಾವಧಿಯನ್ನು ಜಗತ್ತಿಗೆಲ್ಲ ಅನ್ವಯಿಸುವಂತೆ ಅಂಗೀಕರಿಸಿತು. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎಂಬ ಮಾತು ರೂಢಿಯಲ್ಲಿತ್ತು. ನಾಲ್ಕು ತಿಂಗಳು ತುಂಬಿದ ಮೇಲೆ ಆರಂಭಿಸಿದರೂ ಬಾಧಕವಿಲ್ಲವೆನ್ನುವ ತಜ್ಞರು ಯೂರೋಪಿನಲ್ಲಿ ಈಗಲೂ ಉಂಟು. ಶುದ್ಧವಾದ ನೀರು ನಲ್ಲಿಯಲ್ಲಿಯೇ ದೊರೆಯುವ ನಾಡಿನಲ್ಲಿ ಆ ಮಾತು ಒಪ್ಪತಕ್ಕುದಾಗಿರಬಹುದು. ನಮ್ಮ ನಾಡಿನ ಬಹುಭಾಗದಲ್ಲಿ ಕುಡಿಯುವ ನೀರು, ಬಟ್ಟಲು, ಕೈ ಇವು ಮೂರರ ಮೂಲಕವೂ ರೋಗಾಣುಗಳು ಮಗುವಿನ ಹೊಟ್ಟೆಯನ್ನು ಸೇರಬಲ್ಲವು. ತಾಯಿಯ ಹಾಲಿನಲ್ಲಿ ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳಿವೆ. ಅವುಗಳಿಗೆ ದಕ್ಕದಂತೆ ಕಬ್ಬಿಣವನ್ನು ಬಿಗಿಹಿಡಿಯುವ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನೂ ಇದೆ. ಆದುದರಿಂದ ನಮ್ಮಲ್ಲಿ ಅವಸರಪಡುವುದು ತರವಲ್ಲ.

ಮಗುವಿನ ದೇಹವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಎಳೆಯ ಕೂಸಿನ ತುಟಿಗೆ ಗಟ್ಟಿ ವಸ್ತುವೊಂದನ್ನು ತಾಗಿಸಿದರೆ ಅದರ ನಾಲಗೆ ತಾನಾಗಿಯೇ ಅದನ್ನು ಹೊರಕ್ಕೆ ತಳ್ಳುತ್ತದೆ. ಈ ಅನೈಚ್ಛಿಕ ಕ್ರಿಯೆಯು ನಾಲ್ಕರಿಂದ ಆರನೆಯ ತಿಂಗಳಿನೊಳಗೆ ಮರೆಯಾಗುತ್ತದೆ. ಅದೇ ಸುಮಾರಿಗೆ ಮಗು ಕತ್ತನ್ನು ನಿಲ್ಲಿಸಿ, ಆಸರೆ ಕೊಟ್ಟರೆ ಕುಳಿತು, ಕಂಡುದನ್ನೆಲ್ಲ ಬಾಯಿಗೆ ಒಯ್ಯಲಾರಂಭಿಸುತ್ತದೆ. ಪಿಷ್ಟವನ್ನು ಜೀರ್ಣಿಸುವ ಮೇದೋಜೀರಕ ಗ್ರಂಥಿಯ ಕಿಣ್ವವು ಮೊದಲ ತಿಂಗಳುಗಳಲ್ಲಿ ಅತ್ಯಲ್ಪವಾಗಿದ್ದು, ಅನಂತರ ಕ್ರಮಕ್ರಮವಾಗಿ ಹೆಚ್ಚುತ್ತದೆ. ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ವಿಧಿಸಿರುವುದೂ ಇಲ್ಲಿ ಸ್ಮರಣೀಯ. ಸೂತ್ರಕಾರರಿಗೆ ಕಿಣ್ವಗಳ ಅರಿವಿರಲಿಲ್ಲ; ಆದರೆ ಮಕ್ಕಳನ್ನು ಎಚ್ಚರದಿಂದ ನೋಡುವ ಕಣ್ಣಿತ್ತು.

ಅವಸರ ಸಲ್ಲದಂತೆ ವಿಳಂಬವೂ ಸಲ್ಲದು. ಇದಕ್ಕೆ ಮುಖ್ಯ ಕಾರಣ ಕಬ್ಬಿಣ. ಗರ್ಭದಲ್ಲಿರುವಾಗಲೇ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ, ಶಿಶುವು ತಾಯಿಯಿಂದ ಕಬ್ಬಿಣವನ್ನು ಪಡೆದು ಕೂಡಿಟ್ಟುಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ದೇಹದಲ್ಲಿ ಪ್ರತಿಯೊಂದು ಕಿಲೋಗ್ರಾಂ ತೂಕಕ್ಕೆ ಸುಮಾರು 75 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಇದು ತಾಯಿ ಕಟ್ಟಿಕೊಟ್ಟ ಬುತ್ತಿ. ಐದು ತಿಂಗಳ ಹೊತ್ತಿಗೆ ಮಗುವಿನ ತೂಕ ಇಮ್ಮಡಿಯಾಗುತ್ತದೆ. ವರ್ಷ ತುಂಬುವಾಗ ಮೂರು ಪಟ್ಟಾಗುತ್ತದೆ. ತೂಕ ಹೆಚ್ಚಿದಂತೆ ರಕ್ತವೂ ಹೆಚ್ಚಬೇಕು, ರಕ್ತಕ್ಕೆ ಕಬ್ಬಿಣ ಬೇಕು. ಹೀಗಾಗಿ ಆರು ತಿಂಗಳ ಸುಮಾರಿಗೆ ಬುತ್ತಿಯ ಗಂಟು ಬರಿದಾಗುತ್ತ ಬರುತ್ತದೆ. ತಾಯಿಯ ಹಾಲಿನಲ್ಲಿ ಲೀಟರೊಂದಕ್ಕೆ ಇರುವ ಕಬ್ಬಿಣ ಅರ್ಧ ಮಿಲಿಗ್ರಾಮಿಗಿಂತಲೂ ಕಡಿಮೆ. ಅಮೆರಿಕದ ವೈದ್ಯಕೀಯ ಸಂಸ್ಥೆಯು 2001ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಏಳರಿಂದ ಹನ್ನೆರಡು ತಿಂಗಳ ಶಿಶುವಿನ ಆಹಾರದಲ್ಲಿ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣವಿರಬೇಕು. ಬೆಳೆದ ಗಂಡಸಿಗೆ 8 ಮಿಲಿಗ್ರಾಂ ಸಾಕು! ತೊಟ್ಟಿಲಿನ ಕೂಸಿಗೆ ತಂದೆಗಿಂತ ಹೆಚ್ಚು ಕಬ್ಬಿಣ ಬೇಕೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ತಂದೆಯರು ಬಲ್ಲರು?

ಇನ್ನು ಶಕ್ತಿಯ ಲೆಕ್ಕವನ್ನು ನೋಡೋಣ. ಆರರಿಂದ ಎಂಟು ತಿಂಗಳ ಮಗುವಿಗೆ ದಿನವೊಂದಕ್ಕೆ ಸುಮಾರು 600 ಕಿಲೊಕ್ಯಾಲೊರಿ ಬೇಕು. ಅದರಲ್ಲಿ ಸುಮಾರು 400 ತಾಯಿಯ ಹಾಲಿನಿಂದಲೇ ಬರುತ್ತದೆ. ಮಿಕ್ಕ 200 ಮೇಲಾಹಾರದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಈ ಬಾಕಿ 300ಕ್ಕೂ, ವರ್ಷ ತುಂಬಿದ ಮೇಲೆ 550ಕ್ಕೂ ಏರುತ್ತದೆ. ಹಾಲನ್ನು ಬಿಡಿಸಿ ಅನ್ನವನ್ನು ಕೊಡುವುದೆಂದು ಇದನ್ನು ತಿಳಿಯಬಾರದು. ಎರಡು ವರ್ಷದವರೆಗೂ, ತಾಯಿಗೂ ಮಗುವಿಗೂ ಇಷ್ಟವಿದ್ದರೆ ಆಮೇಲೂ, ಹಾಲು ಮುಂದುವರಿಯಬೇಕು. ಅನ್ನವು ಅದರ ಜೊತೆಗೆ ಸೇರತಕ್ಕುದು.

ನಮ್ಮ ಮನೆಗಳು ಎಡವುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಮಗುವಿನ ಹೊಟ್ಟೆ ಎಳೆಯದು, ಆದುದರಿಂದ ಆಹಾರ ತಿಳಿಯಾಗಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗಂಜಿಯ ತಿಳಿ, ಬೇಳೆಯ ಕಟ್ಟು, ನೀರು ಬೆರೆಸಿದ ಹಸುವಿನ ಹಾಲು ಇವು ಮಗುವಿನ ಮೊದಲ ಆಹಾರವಾಗುತ್ತವೆ. ನೂರು ಮಿಲಿಲೀಟರ್ ನೀರಿಗೆ ಐದು ಗ್ರಾಂ ರಾಗಿಹಿಟ್ಟನ್ನು ಹಾಕಿ ಕಾಸಿದ ತೆಳು ಗಂಜಿಯನ್ನು ತೆಗೆದುಕೊಳ್ಳಿ. ಅದರಲ್ಲಿರುವುದು ಹದಿನಾರು ಹದಿನೇಳು ಕಿಲೊಕ್ಯಾಲೊರಿ ಮಾತ್ರ. ಬಾಕಿಯಿರುವ 200 ಕಿಲೊಕ್ಯಾಲೊರಿಯನ್ನು ಇದರಿಂದಲೇ ತುಂಬಬೇಕಾದರೆ ಮಗು ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಗಂಜಿಯನ್ನು ಕುಡಿಯಬೇಕು. ಮಗುವಿನ ಜಠರವಾದರೋ ಕಿಲೋಗ್ರಾಂ ತೂಕಕ್ಕೆ ಸುಮಾರು 30 ಮಿಲಿಲೀಟರಿನಷ್ಟನ್ನು ಹಿಡಿಯಬಲ್ಲುದು. ಎಂಟು ಕಿಲೋಗ್ರಾಂ ತೂಗುವ ಮಗುವಿಗೆ 240 ಮಿಲಿಲೀಟರ್. ಎಂದರೆ ಹೊಟ್ಟೆ ಬಿರಿಯುವಂತೆ ಐದು ಬಾರಿ ಕುಡಿಸಬೇಕು; ಆಗ ಪುಷ್ಟಿಕರವಾದ ತಾಯಿಯ ಹಾಲಿಗೆ ಸ್ಥಳವೇ ಉಳಿಯದು. ಹೊಟ್ಟೆ ತುಂಬಿದ ಮಗು ಅಳದೆ ಮಲಗುತ್ತದೆ, ಮನೆಯವರು ನೆಮ್ಮದಿಯಿಂದಿರುತ್ತಾರೆ, ಮಗು ಮಾತ್ರ ಸೊರಗುತ್ತಿರುತ್ತದೆ. ನೂರು ಮಿಲಿಲೀಟರಿಗೆ ಇಪ್ಪತ್ತು ಗ್ರಾಂ ಹಿಟ್ಟು ಹಾಕಿ, ಒಂದು ಚಮಚ ತುಪ್ಪ ಬೆರೆಸಿದರೆ ನೂರಕ್ಕೂ ಮಿಕ್ಕ ಕಿಲೊಕ್ಯಾಲೊರಿ ದೊರೆಯುತ್ತದೆ. ಅಂತಹ ಎರಡು ಪುಟ್ಟ ಬಟ್ಟಲುಗಳಿಂದ ಇಡೀ ದಿನದ ಬಾಕಿ ತೀರುತ್ತದೆ.

ಆದರೆ ಅಷ್ಟು ಹಿಟ್ಟು ಹಾಕಿದರೆ ಮುದ್ದೆಯಾಗಿಬಿಡುವುದಿಲ್ಲವೆ, ಕೂಸು ನುಂಗುವುದು ಹೇಗೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಪಿಷ್ಟದ ಕಣಗಳು ಬಿಸಿನೀರಿನಲ್ಲಿ ನೀರನ್ನು ಹೀರಿ ಉಬ್ಬುತ್ತವೆ. ಅವುಗಳ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ತೊಡರಿಕೊಂಡು ಗಂಜಿಯನ್ನು ಗಟ್ಟಿಯಾಗಿಸುತ್ತವೆ. ಇದಕ್ಕೆ ಪರಿಹಾರ ನಮ್ಮ ಹಳೆಯ ಅಡಿಗೆಯ ಮನೆಯಲ್ಲಿಯೇ ಇದೆ. ರಾಗಿಯನ್ನು ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಇಟ್ಟುಕೊಂಡ ಹಿಟ್ಟಿನಿಂದ ಮಾಡುವ ರಾಗಿಸರಿ ನಮ್ಮವರಿಗೆ ಹೊಸದಲ್ಲ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಕೂಡಿಟ್ಟ ಪಿಷ್ಟವನ್ನು ತುಂಡರಿಸಿ ಸಸಿಗೆ ಉಣಿಸುವುದು ಅದರ ಕೆಲಸ. ಗಂಜಿಯಲ್ಲಿ ಬೆರೆತಾಗಲೂ ಅದು ಅದೇ ಕೆಲಸವನ್ನು ಮಾಡುತ್ತದೆ: ಸರಪಳಿಗಳು ತುಂಡಾಗಿ, ಗಂಜಿಯು ಶಕ್ತಿಯನ್ನು ಕಳೆದುಕೊಳ್ಳದೆ ತೆಳುವಾಗುತ್ತದೆ. ಮೊಳಕೆಯಿಂದ ಮತ್ತೊಂದು ಲಾಭವುಂಟು. ಕಬ್ಬಿಣ ಮೈಗೂಡದಂತೆ ತಡೆಯುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ. ಮೊಳೆತ ರಾಗಿಯನ್ನು ಕೆಂಪಗೆ ಹುರಿದರೆ ಮಾತ್ರ ಕಿಣ್ವವು ಕೆಡುತ್ತದೆ. ಒಣಗಿಸಿ ಹದವಾಗಿ ಬೆಚ್ಚಗೆ ಮಾಡಿದರೆ ಸಾಕು.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೊಳೆತ ರಾಗಿ ಮತ್ತು ಹೆಸರುಕಾಳುಗಳಿಂದ ಇಂತಹ ಶಿಶು ಆಹಾರವನ್ನು ರೂಪಿಸಿದರು. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಸಂಗಡಿಗರು, ಮೊಳೆತ ಧಾನ್ಯದ ಹಿಟ್ಟು ಸ್ವಲ್ಪವೇ ಬೆರೆತರೂ ಗಟ್ಟಿ ಗಂಜಿ ತೆಳುವಾಗುವುದನ್ನು ತೋರಿಸಿದರು. ಅಜ್ಜಿಯರ ಅನುಭವವನ್ನು ಮೂಢನಂಬಿಕೆಯೆಂದು ತಳ್ಳುವವರೂ, ಅದೆಲ್ಲವೂ ವಿಜ್ಞಾನವೇ ಎಂದು ಹೊಗಳುವವರೂ ಇದನ್ನು ಗಮನಿಸಬೇಕು. ರಾಗಿಸರಿಯು ಪರೀಕ್ಷೆಯಲ್ಲಿ ಗೆದ್ದಿತು. ಹುಟ್ಟಿದ ಕೂಸಿಗೆ ಜೇನನ್ನು ನೆಕ್ಕಿಸುವ ಪದ್ಧತಿ ಸೋತಿತು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ನರಗಳಿಗೆ ವಿಷವನ್ನುಂಟುಮಾಡಬಲ್ಲವೆಂದು 1976ರಲ್ಲಿ ತಿಳಿದುಬಂದಿತು.

ಪಾಶ್ಚಾತ್ಯ ವೈದ್ಯರ ಮಾತೂ ಪರೀಕ್ಷೆಗೆ ಹೊರತಾದುದಲ್ಲ. ಕಡಲೆಕಾಯಿ ಒಗ್ಗದಿರುವ ರೋಗವನ್ನು ತಪ್ಪಿಸಲು, ಅಂತಹ ಅಪಾಯವುಳ್ಳ ಮಕ್ಕಳಿಗೆ ಮೂರು ವರ್ಷದವರೆಗೆ ಅದನ್ನು ಕೊಡಬಾರದೆಂದು ಅಮೆರಿಕದ ಶಿಶುವೈದ್ಯರ ಸಂಘವು 2000ದಲ್ಲಿ ಹೇಳಿತ್ತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 640 ಶಿಶುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಇದಕ್ಕೆ ತೀರ ವಿರುದ್ಧವಾಗಿತ್ತು. ಮೊದಲ ವರ್ಷದಲ್ಲಿಯೇ ಕಡಲೆಕಾಯಿಯ ರುಚಿ ಕಂಡ ಮಕ್ಕಳಲ್ಲಿ ಆ ರೋಗವು ಬಹುಮಟ್ಟಿಗೆ ತಗ್ಗಿತ್ತು. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿಕೊಡಬೇಕೆಂಬುದು ಮಾತ್ರ ನೆನಪಿರಲಿ. ಇಡಿಯ ಕಾಳು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬೇರೆ ಯಾವ ಸಾಮಾನ್ಯ ಧಾನ್ಯದಲ್ಲಿಯೂ ಇಷ್ಟಿಲ್ಲ. ಹಾಗೆಂದು ಧಾನ್ಯವೊಂದನ್ನೇ ನೆಚ್ಚಿಕೊಳ್ಳಲಾಗದು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು, ಇಂದು ಘಾನಾ ಎನಿಸಿಕೊಂಡಿರುವ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಮೈ ಬಾತು, ಚರ್ಮ ಸುಲಿದು, ಕೂದಲು ಕೆಂಚಾದ ಮಕ್ಕಳನ್ನು ಕಂಡು 1933ರಲ್ಲಿ ಆ ರೋಗವನ್ನು ವರ್ಣಿಸಿದಳು. ತಾಯಿ ಮತ್ತೆ ಗರ್ಭಿಣಿಯಾದಾಗ ಎದೆಹಾಲನ್ನು ಬಿಟ್ಟು ಮೆಕ್ಕೆಜೋಳದ ಗಂಜಿಯೊಂದನ್ನೇ ಕುಡಿಯುತ್ತಿದ್ದ ಮಕ್ಕಳು ಅವರು. ಅಲ್ಲಿನ ಜನರು ಅದನ್ನು ಕ್ವಾಷಿಯೋರ್ಕರ್ ಎಂದು ಕರೆಯುತ್ತಿದ್ದರು. ಹಿಂದೆ ಮತ್ತೊಂದು ಕೂಸು ಹುಟ್ಟಿದಾಗ ಮೊದಲಿನ ಮಗುವಿಗೆ ಬರುವ ಜಾಡ್ಯವೆಂದು ಅದರ ಅರ್ಥ. ಆದುದರಿಂದ ಗಂಜಿಯೊಡನೆ ಬೇಳೆ, ಸೊಪ್ಪು, ಹಣ್ಣು, ಮೊಸರು ಇವುಗಳನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು. ತಿನ್ನುವ ಪದ್ಧತಿಯುಳ್ಳ ಮನೆಗಳಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಮಾಂಸಗಳನ್ನು ಮಗುವಿಗೆ ನಿಷೇಧಿಸಲು ಕಾರಣವಿಲ್ಲ. ಮಾಂಸದಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೂಡುತ್ತದೆ. ಸಸ್ಯಾಹಾರಿಗಳು ಬೇಳೆ ಸೊಪ್ಪುಗಳ ಮೇಲೆ ನಾಲ್ಕು ಹನಿ ನಿಂಬೆಯ ರಸವನ್ನು ಹಿಂಡಿದರೆ ಅದರ ಸಿ ಜೀವಸತ್ವವು ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಮೊದಲ ವರ್ಷದಲ್ಲಿ ಉಪ್ಪು, ಸಕ್ಕರೆಗಳನ್ನು ಬೆರೆಸುವ ಅಗತ್ಯವಿಲ್ಲ.

ನಮ್ಮ ದೇಶದ ಸ್ಥಿತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ತಾಯಿಯ ಹಾಲಿನೊಡನೆ ಗಟ್ಟಿ ಅಥವಾ ಅರೆಗಟ್ಟಿ ಆಹಾರವನ್ನು ಪಡೆಯುತ್ತಿದ್ದವರು ನೂರಕ್ಕೆ 46 ಮಂದಿ. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಮರ್ಪಕವಾದ ಆಹಾರವನ್ನು ಪಡೆಯುತ್ತಿದ್ದವರು ನೂರಕ್ಕೆ ಸುಮಾರು 11 ಮಂದಿ ಮಾತ್ರ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಬಡತನವೇ ಇದಕ್ಕೆಲ್ಲ ಕಾರಣವೆಂದು ಹೇಳಿ ಸುಮ್ಮನಾಗುವಂತಿಲ್ಲ. ಉಳ್ಳವರ ಮನೆಗಳಲ್ಲಿಯೂ ಸಮರ್ಪಕ ಆಹಾರದ ಪ್ರಮಾಣ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ. ಅಜ್ಞಾನವೊಂದೇ ಕಾರಣವೆನ್ನುವುದೂ ಅನ್ಯಾಯ. ಕೂಸಿಗೆ ದಿನಕ್ಕೆ ಎರಡು ಮೂರು ಬಾರಿ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಬಾರಿ, ತಾಳ್ಮೆಯಿಂದ ಕುಳಿತು ಉಣಿಸಬೇಕು. ಬೆಳಗಾದರೆ ಕಳೆ ಕೀಳಲು ಹೊಲಕ್ಕೋ ದುಡಿಯಲು ಕಾರ್ಖಾನೆಗೋ ಹೋಗುವ ತಾಯಿ, ಏಳೆಂಟು ವರ್ಷದ ಅಕ್ಕನ ಕಂಕುಳಿಗೆ ಕೂಸನ್ನು ಒಪ್ಪಿಸಿ ಹೋದರೆ, ಆ ಹುಡುಗಿ ಏನನ್ನು ತಾನೇ ಉಣಿಸಬಲ್ಲಳು? ಕರ್ನಾಟಕ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಘೋಷಿಸಿದುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಅಂತಹ ಮನೆ ಪ್ರತಿಯೊಂದು ಹಳ್ಳಿಯಲ್ಲಿಯೂ ಇರಬೇಕು, ಅಲ್ಲಿ ಗಟ್ಟಿಯಾದ ಗಂಜಿ ಬೇಯಬೇಕು.

ಶಿಶುಪೋಷಣೆಯ ಪಾಠವನ್ನು ಗೃಹವಿಜ್ಞಾನವೆಂದು ಹೆಸರಿಸಿ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಿಟ್ಟುದು ನಮ್ಮ ಶಿಕ್ಷಣದ ದೊಡ್ಡ ಕೊರತೆ. ಇಂದು ಈ ಪುಟಗಳನ್ನು ಓದುತ್ತಿರುವ ಹುಡುಗರಲ್ಲಿ ಬಹುಮಂದಿ ಹತ್ತು ಹದಿನೈದು ವರ್ಷಗಳೊಳಗೆ ತಂದೆಯರಾಗುವರು. ಮನೆಯ ಖರ್ಚನ್ನೂ ಮಾರುಕಟ್ಟೆಯ ಚೀಲವನ್ನೂ ನಿರ್ಧರಿಸುವರು. ಶಾಲೆಯ ಪ್ರಯೋಗಶಾಲೆಯಲ್ಲಿಯೇ ಇದಕ್ಕೆ ಆರಂಭ ಮಾಡಬಹುದು. ಎರಡು ಬೀಕರುಗಳಲ್ಲಿ ಗಟ್ಟಿಯಾದ ರಾಗಿಗಂಜಿಯನ್ನು ಕಾಸಿ, ಕೈ ತಾಳುವಷ್ಟು ಬಿಸಿಗೆ ಆರಿಸಿ, ಒಂದಕ್ಕೆ ಮಾತ್ರ ಒಂದು ಚಮಚ ಮೊಳೆತ ರಾಗಿಯ ಹಿಟ್ಟನ್ನು ಕದಡಿರಿ. ಸ್ವಲ್ಪ ಹೊತ್ತಿನಲ್ಲಿಯೇ ಅದು ತೆಳುವಾಗುವುದನ್ನು ಕಣ್ಣಾರೆ ಕಾಣುವಿರಿ. ಇದನ್ನು ನೋಡಿದ ವಿದ್ಯಾರ್ಥಿಗಳು ಮನೆಗೆ ಹೋಗಿ, ನೆರೆಮನೆಯ ಆರು ತಿಂಗಳ ಕೂಸಿನ ಬಟ್ಟಲಿನಲ್ಲಿ ಏನಿದೆಯೆಂದು ಒಮ್ಮೆ ಇಣುಕಿ ನೋಡಲಿ; ಅದು ಬರಿಯ ತಿಳಿಯಾಗಿದ್ದರೆ ಅದರ ತಾಯಿಗೂ ತಂದೆಗೂ ವಿನಯದಿಂದ ಕಾರಣವನ್ನು ವಿವರಿಸಲಿ.