ಲಲಿತಾಂಬಳಿಗೆ ಯಾವ ಕುರ್ಚಿ?

ಟಿವಿ ವಾಹಿನಿಗಳ ಪ್ರಶಸ್ತಿ ಸಮಾರಂಭಗಳನ್ನು ನೀವೂ ನೋಡಿರುತ್ತೀರಿ. ಜೀ ಕನ್ನಡದ್ದು ‘ಕುಟುಂಬ’, ಕಲರ್ಸ್ ಕನ್ನಡದ್ದು ‘ಅನುಬಂಧ’. ಹೆಸರಲ್ಲೇ ನೆಂಟಸ್ತಿಕೆ. ಒಳಗಿನ ವಿಭಾಗಗಳೂ ಹೆಚ್ಚುಕಡಿಮೆ ಬೀಗರನ್ನು ಪರಿಚಯಿಸಿದ ಹಾಗೇ ಇರುತ್ತವೆ: ಅತ್ತೆ, ಸೊಸೆ, ಅಮ್ಮ, ಜೋಡಿ. ವಾಹಿನಿ ತನ್ನ ಧಾರಾವಾಹಿಗಳಿಗೆ ತಾನೇ ಕೊಟ್ಟುಕೊಳ್ಳುವ ಬಹುಮಾನ ಇದು. ಮನೆಯವರ ಆರತಿಯನ್ನು ಮನೆಯವರೇ ಎತ್ತಿಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಒಂದೇ: ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ‘ಸಿಲ್ಲಿ ಲಲ್ಲಿ’ಯ ಲಲಿತಾಂಬಳನ್ನು ಎಲ್ಲಿ ಕೂರಿಸುತ್ತೀರಿ?

ಹೊಸ ಓದುಗರಿಗಾಗಿ ಎರಡು ಮಾತು. ‘ಸಿಲ್ಲಿ ಲಲ್ಲಿ’ ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಬರುತ್ತಿದ್ದ ಹಾಸ್ಯ ಧಾರಾವಾಹಿ. ನಿರ್ದೇಶಕರು ವಿಜಯಪ್ರಸಾದ್, ಮುಂದೆ ‘ಸಿದ್ಲಿಂಗು’ (2012), ‘ನೀರ್ ದೋಸೆ’ (2016) ಸಿನಿಮಾ ಮಾಡಿದವರು. ತನ್ನನ್ನು ತಾನೇ ಸಮಾಜ ಸೇವಕಿ ಎಂದು ಘೋಷಿಸಿಕೊಂಡ ಲಲಿತಾಂಬ ಆಗಿದ್ದವರು ಮಂಜುಭಾಷಿಣಿ. ತನ್ನ ಹೆಸರಿನ ಮುಂದಿನ ‘ಡಾಕ್ಟರ್’ ಪದವನ್ನೇ ಬಹಳ ಪ್ರೀತಿಸುವ ವಿಠಲ್ ರಾವ್ ಆಗಿದ್ದವರು ರವಿಶಂಕರ್ ಗೌಡ. ಅವರನ್ನು ಜನ ಇವತ್ತಿಗೂ ‘ಸಿಲ್ಲಿ ಲಲ್ಲಿ’ ರವಿಶಂಕರ್ ಎಂದೇ ಗುರುತಿಸುತ್ತಾರೆ. ಊರಿನ ಹೆಸರು, ಮನೆತನದ ಹೆಸರು ಅಂಟಿಕೊಳ್ಳುವುದು ಗೊತ್ತು. ಸೀರಿಯಲ್ಲಿನ ಹೆಸರೇ ಇನಿಷಿಯಲ್ ಆಗುವುದು ಎಷ್ಟು ಜನರಿಗೆ ಆಗಿದೆ?

ಲಲಿತಾಂಬಳ ಹೊಸತನ ಎಲ್ಲಿತ್ತೆಂದರೆ, ನಾವು ನಗುತ್ತಿದ್ದದ್ದು ಆಕೆ ಯಾರ ಹೆಂಡತಿ, ಯಾರ ಸೊಸೆ ಎಂಬುದಕ್ಕಲ್ಲ. ಆಕೆಯ ಬಿರುದಿಗೂ ಆಕೆಯ ಕೆಲಸಕ್ಕೂ ನಡುವೆ ಇದ್ದ ಅಂತರಕ್ಕೆ. ಅದೇ ಹೊತ್ತಿನಲ್ಲಿ ಬೇರೆ ಧಾರಾವಾಹಿಗಳ ನಾಯಕಿಯರು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಈಕೆ ಅಳಲಿಲ್ಲ. ಭಾಷಣ ಮಾಡಿದಳು.

ಇದು ಆಕಾಶದಿಂದ ಉದುರಿದ ತಮಾಷೆಯಲ್ಲ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಅಲ್ಲಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಹಳ್ಳಿಹಳ್ಳಿಯ ಹೆಂಗಸರು ಸಂಘ ಕಟ್ಟಿ, ಉಳಿತಾಯದ ಪುಸ್ತಕ ಹಿಡಿದು, ಸಭೆ ನಡೆಸಿ, ನಡಾವಳಿಗೆ ಸಹಿ ಹಾಕಿ, ಬ್ಯಾಂಕಿನ ಮೆಟ್ಟಿಲು ಹತ್ತಿದರು. ‘ಅಧ್ಯಕ್ಷೆ’ ಎಂಬ ಪದ ಮೊದಲ ಸಲ ನಮ್ಮ ಬೀದಿಗೆ ಬಂತು. ನಮ್ಮ ಗಂಜಾಂನಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಸಂಘದ ಮೀಟಿಂಗಿಗೆ ಹೊರಟವರನ್ನು ನೋಡಿ, ಜಗಲಿಯಲ್ಲಿ ಕೂತವರು “ಎಲ್ಲಿಗ್ ಹೊರಟ್ರು ಲಲಿತಾಂಬ್ನೋರು?” ಅನ್ನುತ್ತಿದ್ದರು. ಅದರಲ್ಲಿ ಕುಚೋದ್ಯ ಇತ್ತು. ಆದರೆ ಹೊರಟವರೂ ನಗುತ್ತಿದ್ದರು, ತಿರುಗಿ ಉತ್ತರ ಕೊಡುತ್ತಿದ್ದರು, ಹೋಗುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಹೆಣ್ಣೊಬ್ಬಳು ಸಾರ್ವಜನಿಕ ವ್ಯಕ್ತಿಯಾಗಲು ಹೊರಟಾಗ ಆಗುವ ಮುಜುಗರ, ಜಂಬ, ಎಡವಟ್ಟು, ಖುಷಿ ಇವಕ್ಕೆಲ್ಲ ಒಂದೇ ಹೆಸರು ಕೊಟ್ಟದ್ದು ಯಾವ ಕಾದಂಬರಿಯೂ ಅಲ್ಲ, ಒಂದು ಕಾಮಿಡಿ ಸೀರಿಯಲ್.

ಹೊರಗೆ ಹೊರಟ ಹೆಣ್ಣನ್ನು ಗೇಲಿ ಮಾಡಿದ್ದೇ ಅಲ್ಲವೇ ಅದು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆ ಕಾಲದ ಹಾಸ್ಯ ಧಾರಾವಾಹಿಗಳಲ್ಲಿ ಮೈಕಟ್ಟಿನ ಬಗ್ಗೆ, ಮದುವೆಯ ಬಗ್ಗೆ ಇವತ್ತು ಕಿವಿಗೆ ಚುಚ್ಚುವ ಜೋಕುಗಳಿದ್ದವು. ಆದರೆ ಗೇಲಿಗೂ ಒಂದು ಲೆಕ್ಕ ಇರುತ್ತದೆ. ಗೇಲಿಗೆ ಒಳಗಾದ ಹೆಣ್ಣು ಕೊನೆಗೆ ತಪ್ಪೊಪ್ಪಿ ಒಲೆಯ ಮುಂದೆ ಹೋಗಿ ಕೂತರೆ ಅದು ಶಿಕ್ಷೆ. ಲಲಿತಾಂಬ ಮರುದಿನ ಅದೇ ಗತ್ತಿನಲ್ಲಿ ಮತ್ತೆ ಬರುತ್ತಿದ್ದಳು. ದಿನವೂ ಬರುವ ಹಾಸ್ಯ ಧಾರಾವಾಹಿಯ ಶಕ್ತಿ ಇರುವುದೇ ಇಲ್ಲಿ: ಅದರ ಪಾತ್ರ ಪಾಠ ಕಲಿಯುವುದಿಲ್ಲ, ಸೋಲನ್ನೂ ಒಪ್ಪುವುದಿಲ್ಲ.

ಪ್ರಶಸ್ತಿಗಳಿಗೆ ಅರ್ಥವಾಗದೆ ಇರುವುದೂ ಇದೇ. ಪ್ರಶಸ್ತಿಯ ಕಣ್ಣು ಹುಡುಕುವುದು ಒಂದು ದೊಡ್ಡ ದೃಶ್ಯವನ್ನು: ಮಗಳ ಬೀಳ್ಕೊಡುಗೆ, ಆಸ್ಪತ್ರೆಯ ಹಾಸಿಗೆ, ಐದು ನಿಮಿಷದ ಕಣ್ಣೀರು. ಹಾಸ್ಯ ಧಾರಾವಾಹಿಯಲ್ಲಿ ಅಂಥ ದೃಶ್ಯ ಇರುವುದಿಲ್ಲ, ಹದ ಇರುತ್ತದೆ. ನೂರು ದಿನ ಒಂದೇ ಹದದಲ್ಲಿ ಹಿಟ್ಟು ರುಬ್ಬುವುದು ಎಷ್ಟು ಕಷ್ಟ ಅಂತ ರುಬ್ಬಿದವರಿಗೇ ಗೊತ್ತು. ಮಂಜುಭಾಷಿಣಿಯವರು ಮುಂದೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಬಡ್ಡಿ ಬಂಗಾರಮ್ಮನಾಗಿ ಬಂದರು. ಒಳ್ಳೆಯ ಪಾತ್ರ, ಒಳ್ಳೆಯ ನಟನೆ. ಬಂಗಾರಮ್ಮ ಕಂಠಿಯ ತಾಯಿ, ಸ್ನೇಹಳ ಅತ್ತೆ. ಆಕೆಗೆ ಪಟ್ಟಿಯಲ್ಲಿ ಕುರ್ಚಿ ತಯಾರಿದೆ. ಅದೇ ಕಲಾವಿದೆಯ ಲಲಿತಾಂಬ ಇಂದು ತೆರೆಗೆ ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಬಹಳವೆಂದರೆ ‘ಹಾಸ್ಯ ಕಲಾವಿದೆ’ ಎಂಬ ಮೂಲೆಯ ಸ್ಟೂಲು.

ಇಲ್ಲಿ ಅಮೆರಿಕದ ಒಂದು ಹೋಲಿಕೆ ನೋಡಿ. ‘ಪಾರ್ಕ್ಸ್ ಅಂಡ್ ರಿಕ್ರಿಯೇಷನ್’ (2009–2015) ಎಂಬ ಧಾರಾವಾಹಿಯ ನಾಯಕಿಯೂ ಸಾರ್ವಜನಿಕ ಸೇವೆಯ ಹುಚ್ಚು ಹಿಡಿದವಳೇ. ಆ ಪಾತ್ರಕ್ಕಾಗಿ ಏಮಿ ಪೋಲರ್ ಅತ್ಯುತ್ತಮ ಹಾಸ್ಯ ನಟಿಯ ಎಮ್ಮಿಗೆ ಆರು ಸಲ ನಾಮನಿರ್ದೇಶನಗೊಂಡರು, ಒಂದು ಸಲವೂ ಗೆಲ್ಲಲಿಲ್ಲ. ಅಲ್ಲಿನ ವಿಮರ್ಶಕರು ಅದನ್ನು ಅನ್ಯಾಯ ಎಂದು ಬರೆಯಬಹುದು, ಏಕೆಂದರೆ ಅವರಿಗೆ ಬರೆಯಲು ಒಂದು ದಾಖಲೆ ಇದೆ. ಸೋಲುವುದಕ್ಕೂ ಒಂದು ವಿಭಾಗ ಬೇಕು. ಲಲಿತಾಂಬಳಿಗೆ ಸೋಲುವ ಭಾಗ್ಯವೂ ಇಲ್ಲ.

ವಾಹಿನಿಗಳನ್ನು ಇಷ್ಟು ಬೈದ ಮೇಲೆ ನಮ್ಮ ಕಡೆಗೂ ತಿರುಗಬೇಕು. ಕನ್ನಡ ವಿಭಾಗಗಳಲ್ಲಿ ಹಾಸ್ಯ ಎಂದರೆ ಅಚ್ಚಾದ ಹಾಸ್ಯ. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಬಗ್ಗೆ ಪ್ರಬಂಧ ಬರೆದರೆ ಸಂಶೋಧನೆ, ‘ಪಾಪ ಪಾಂಡು’ವಿನ ಬಗ್ಗೆ ಬರೆಯುತ್ತೇನೆಂದರೆ “ಸೀರಿಯಲ್ಲಾ?” ಎಂಬ ಉದ್ಗಾರ. ಕೈಲಾಸಂ ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳುತ್ತಾ ಹೋದವರು, ಬರೆದುಕೊಂಡವರು ಅವರ ಸ್ನೇಹಿತರು. ಆ ಸ್ನೇಹಿತರು ‘ಇದೆಲ್ಲ ಬರೀ ತಮಾಷೆ’ ಎಂದು ಪೆನ್ನು ಕೆಳಗಿಟ್ಟಿದ್ದರೆ ಇಂದು ನಮ್ಮ ಪಠ್ಯದಲ್ಲಿ ಕೈಲಾಸಂ ಎಷ್ಟು ಉಳಿಯುತ್ತಿದ್ದರು?

‘ಜನ ಮೆಚ್ಚಿದರಲ್ಲ, ಅದೇ ಪ್ರಶಸ್ತಿ’ ಎನ್ನುವುದು ಕೇಳಲು ಇಂಪಾದ, ಯಾರಿಗೂ ಖರ್ಚಿಲ್ಲದ ಮಾತು. ಜನರ ಮೆಚ್ಚುಗೆ ಕಲಾವಿದರ ಮುಖವನ್ನು ಉಳಿಸುತ್ತದೆ, ಸಂಭಾಷಣೆ ಬರೆದವರ ಹೆಸರನ್ನು ಉಳಿಸುವುದಿಲ್ಲ. ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಸಂಭಾಷಣೆಗೆಂದೇ ಒಂದು ಸಾಲಿದೆ, ಆ ಸಾಲಿನಿಂದಲೇ ಎಷ್ಟೋ ಹೆಸರುಗಳು ನಮಗೆ ಗೊತ್ತು. 2015ರಲ್ಲಿ ಈಟಿವಿ ಕನ್ನಡ ಕಲರ್ಸ್ ಕನ್ನಡವಾಯಿತು. ಇವತ್ತು ಹಳೆಯ ಕಂತುಗಳನ್ನು ಹುಡುಕುವವರಿಗೆ ಯೂಟ್ಯೂಬಿನಲ್ಲಿ ಸಿಗುವುದು ಹಿಂದುಮುಂದಿಲ್ಲದ ತುಣುಕುಗಳು. ಮೊದಲು ಪ್ರಸಾರವಾದ ದಿನ ಯಾವುದು, ಬರೆದವರು ಯಾರು ಎಂದು ತಿಳಿಯಲು ಹೊರಟ ವಿದ್ಯಾರ್ಥಿ ಕಾಮೆಂಟುಗಳನ್ನೇ ಆಕರವೆಂದು ನಂಬಬೇಕು.

ಕೇಳುತ್ತಿರುವುದು ದೊಡ್ಡದೇನಲ್ಲ. ಕಿರುತೆರೆಗೆ ಬಹುಮಾನ ಕೊಡುವವರು ಹಾಸ್ಯ ಧಾರಾವಾಹಿಯ ಬರವಣಿಗೆಗೆ ಪ್ರತ್ಯೇಕವಾಗಿ ಒಂದು ಬಹುಮಾನ ಇಡಲಿ. ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’, ದೂರದರ್ಶನ ಕಾಲದ ‘ಕ್ರೇಜಿ ಕರ್ನಲ್’ ಇಂಥವುಗಳ ಸಂಭಾಷಣೆಯ ಪ್ರತಿಗಳು ಎಲ್ಲಾದರೂ ಉಳಿದಿದ್ದರೆ ಅವನ್ನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಕೇಳಿ ತರಲಿ. ಬರೆದವರು, ನಟಿಸಿದವರು ನಮ್ಮ ನಡುವೆ ಇರುವಾಗಲೇ ಯಾರಾದರೂ ಹೋಗಿ ಅವರ ಮಾತು ದಾಖಲಿಸಲಿ. ಪ್ರಶಸ್ತಿ ಕೊಡುವುದು ಬಿಡುವುದು ಅವರವರ ಇಷ್ಟ. ಬರೆದುಕೊಳ್ಳುವುದು ನಮ್ಮ ಕೆಲಸ. ಕೈಲಾಸಂ ಅವರ ಸ್ನೇಹಿತರು ಅದಕ್ಕೆ ಯಾವ ಸಮಿತಿಯ ಅಪ್ಪಣೆಗೂ ಕಾಯಲಿಲ್ಲ.