ಒಂಬತ್ತು ನಿಮಿಷದ ಬೆಲೆ



ಕಳೆದ ಲಗ್ನಸರಾಯಿಯಲ್ಲಿ ನಾವು ಸಕುಟುಂಬರಾಗಿ ಬಾಗಲಕೋಟೆಯಿಂದ ಇಳಕಲ್ಲಿಗೆ ಕಾರಿನಲ್ಲಿ ಹೊರಟಿದ್ದೆವು. ಮನೆ ಬಿಡುವಾಗಲೇ ತಡವಾಗಿತ್ತು. ಅಕ್ಷತೆಯ ಹೊತ್ತು ಮೀರೀತೆಂಬ ಆತಂಕದಿಂದ ವೇಗದ ಮುಳ್ಳನ್ನು ನೂರರತ್ತ ಏರಿಸಿದೆವು. ಶಿರೂರಿನ ಬಳಿ ನಾವು ಹಿಂದೆ ಹಾಕಿದ್ದ ಬಿಳಿಯ ಕಾರೊಂದು, ಅಮೀನಗಡದ ಸಮೀಪ ನಾವು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಲುಕಿದ್ದಾಗ, ಸಾವಕಾಶವಾಗಿ ಬಂದು ನಮ್ಮ ಬೆನ್ನಿಗೇ ನಿಂತಿತು. ಹುನಗುಂದವನ್ನು ಎರಡೂ ಒಟ್ಟಿಗೇ ದಾಟಿದವು. ಹಾಗಾದರೆ ನಮ್ಮ ಅವಸರದಿಂದ ಗಳಿಸಿದ್ದೇನು?

ಬಾಗಲಕೋಟೆಯಿಂದ ಇಳಕಲ್ಲಿಗೆ ಸುಮಾರು 60 ಕಿ.ಮೀ. ದಾರಿ. ತಾಸಿಗೆ 40 ಕಿ.ಮೀ. ವೇಗದಲ್ಲಿ ಸಾಗಿದರೆ 90 ನಿಮಿಷ ಬೇಕು, 60ರಲ್ಲಿ 60 ನಿಮಿಷ, 80ರಲ್ಲಿ 45, 100ರಲ್ಲಿ 36. ಪ್ರತಿ ಸಲ ವೇಗವನ್ನು 20ರಷ್ಟೇ ಏರಿಸಿದರೂ ಉಳಿತಾಯ ಮೊದಲು 30 ನಿಮಿಷ, ಬಳಿಕ 15, ಕೊನೆಗೆ ಬರಿಯ 9. ಅದೂ ದಾರಿ ಪೂರ್ತಿ ತೆರವಾಗಿದ್ದರೆ ಮಾತ್ರ. ಊರು, ಉಬ್ಬು, ಕುರಿಹಿಂಡು, ಎತ್ತಿನ ಬಂಡಿಗಳಿರುವ ನಮ್ಮ ಸೀಮೆಯಲ್ಲಿ ಆ ಒಂಬತ್ತರಲ್ಲಿಯೂ ಎಷ್ಟೋ ಕರಗಿಹೋಗುತ್ತವೆ.

ಇಂಧನದ ಲೆಕ್ಕ ಇದಕ್ಕೆ ತೀರ ವಿರುದ್ಧವಾದುದು. ವಾಹನವನ್ನು ತಡೆಯುವ ಗಾಳಿಯ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60ರ ವೇಗದಲ್ಲಿ ಅದನ್ನು 1 ಎಂದಿಟ್ಟುಕೊಂಡರೆ, 80ರಲ್ಲಿ ಸುಮಾರು 1.8, 100ರಲ್ಲಿ ಸುಮಾರು 2.8 ಆಗುತ್ತದೆ. ಹಾಗೆಂದು ಕೆಳಗಿನ ಗೇರಿನಲ್ಲಿ ತೆವಳುವುದೂ ಮಿತವ್ಯಯವಲ್ಲ. ಅಲ್ಲಿಯೂ ಇಂಧನ ವ್ಯರ್ಥವಾಗುತ್ತದೆ. 1978ರಲ್ಲಿ ಸ್ಥಾಪನೆಗೊಂಡ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ತಾಸಿಗೆ 45ರಿಂದ 55 ಕಿ.ಮೀ. ವೇಗವೇ ಮಿತವ್ಯಯಕರವೆಂದು ಹೇಳುತ್ತ ಬಂದಿದೆ. ಹೊಸ ಕಾರುಗಳಲ್ಲಿ ಈ ಮಿತಿ ಕೊಂಚ ಮೇಲೇರಿರಬಹುದು. ಗಾಳಿಯ ನಿಯಮ ಮಾತ್ರ ಬದಲಾಗಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತಿರುವಾಗ, ಈ ದುಂದು ಒಂದು ಮನೆಯದಷ್ಟೇ ಅಲ್ಲ.

ಇದೇ ವರ್ಗದ ನಿಯಮ ಬ್ರೇಕಿಗೂ ಅನ್ವಯಿಸುತ್ತದೆಂಬುದನ್ನು ತಾಯಂದಿರು, ತರುಣರು ವಿಶೇಷವಾಗಿ ಗಮನಿಸಬೇಕು. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಸುಮಾರು ನಾಲ್ಕು ಪಟ್ಟು ದೂರ ಬೇಕು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ನಡೆದು ಹೋಗುವವರು, ಕತ್ತಲಲ್ಲಿ ಹಿಂಬದಿಯ ದೀಪವಿಲ್ಲದೆ ಸಾಗುವ ಕಬ್ಬಿನ ಗಾಡಿಗಳು ನಮಗೆ ಅಷ್ಟು ದೂರವನ್ನು ಕೊಡಬಲ್ಲವೇ?

ಕಾಯಕದಿಂದ ಬಂದ ಹಣವನ್ನು ಗಾಳಿಗೆ ತೂರಬಾರದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ನೂರರ ವೇಗದಲ್ಲಿ ಅಕ್ಷರಶಃ ಅದನ್ನೇ ಮಾಡುತ್ತೇವೆ.

ಅಂದು ನಾವು ಇಳಕಲ್ಲು ಮುಟ್ಟಿದಾಗ ಅಕ್ಷತೆ ಮುಗಿದಿತ್ತು. ತಡವಾದದ್ದು ದಾರಿಯಲ್ಲಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ. ಆ ಒಂಬತ್ತು ನಿಮಿಷಗಳನ್ನು ಹೊಸ್ತಿಲಲ್ಲಿಯೇ ಉಳಿಸಿಕೊಂಡಿದ್ದರೆ ಹನಿ ಪೆಟ್ರೋಲೂ ಖರ್ಚಾಗುತ್ತಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಪ್ರಯಾಣದ ದಿನ ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಮುಂದಿಡುತ್ತೇವೆ. ವೇಗದ ಮುಳ್ಳು ತಾನೇ ಕೆಳಗಿಳಿದಿದೆ. ತಾವೂ ಇದನ್ನು ಪರೀಕ್ಷಿಸಿ ನೋಡಬೇಕೆಂದು ನಮ್ಮ ವಿನಂತಿ.